ಕಾಳಿ ಐದು

ಗುರುಶಿದ್ದಪ್ಪಗ ಇವತ್ತಿಗೂ ಒಂದು ಸಿಟ್ಟು ಉಳಕೊಂಡೈತಿ. ಬಾಜೂ ಮನಿ ಬಾಳಕೃಷ್ಣ ಮಾಸ್ತರು ಅವನ ಜೋಡಿ ಒಂದು ಸಲಾನೂ ಜಗಳಾಡಲಿಲ್ಲ!

ಅವರ ಓಣ್ಯಾಗ ಒಂದು ರೂಢಿ ಐತಿ. ಬಾಜೂ ಮನಿಯಿಂದ ಬಟ್ಟಲದಾಗ ಏನರ ಬಂದ್ರ, ಬಟ್ಟಲಾ ಖಾಲಿ ತಿರುಗಿಸಬಾರದು. ಒಂದು ಚಮಚ ಸಕ್ಕರಿ ಆದ್ರೂ ಹಾಕಿ ಕೊಡಬೇಕು. ಬೈಗಳಕ್ಕೂ ಇದ ಕಾಯ್ದೆ ಅಂತ ಗುರುಶಿದ್ದಪ್ಪ ತಿಳಕೊಂಡಾವ. ಒಬ್ಬ ಒಂದು ಬೈದ್ರ ಇನ್ನೊಬ್ಬ ಒಂದೂವರಿ ಬೈದು ತಿರುಗಿಸಬೇಕು. ಅಂದ್ರ ಇಬ್ಬರ ಹೊಟ್ಟೀನೂ ಹಗುರ, ಊಟಾನೂ ಸೇರ್ತೈತಿ. ಆದ್ರ ಮಾಸ್ತರು? ಇವ ತುಂಬಿ ತುಂಬಿ ಕೊಟ್ಟದ್ದೆಲ್ಲಾ ಇಟಗೊಂಡ್ರು, ಖಾಲಿ ಬಟ್ಟಲಾ ಸೈತ ತಿರುಗಿ ಕಳಸಲಿಲ್ಲ.

ಗುರುಶಿದ್ದಪ್ಪಂದು ಲಕಮನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಸಣ್ಣ ವರ್ಕಶಾಪು. ಸಾಲಿ ನಾಕನೇ ಕ್ಲಾಸಿಗೆ ಬಿಟ್ಟಾವ, ಅವತ್ತಿಂದ ಪ್ರೆಸ್ ಮಷೀನಿನ್ಯಾಗ ತಗಡಿನ ಪತ್ರಾ ಬಡೀತ ಬಡೀತ ಅರ್ಧಾ ಆಯುಷ್ಯ ಕಳದಾನ. ದಿನಾ ಧಡ್ ಧಡ್ ಅಂತ ಭೂಮಿ ನಡಗೂ ಸಪ್ಪಳ. ಕಿವ್ಯಾಗ ಹತ್ತಿ ಇಟಗೋ ಅಂತ ಯಾರರ ಅಂದ್ರ ಮೀಶಿ ತಿರುವಿ, ತನ್ನ ಕಿವಿ ಕಬ್ಬಿಣದ್ದು ಅಂತಿದ್ದ.

ಆ ಕಬ್ಬಿಣದ ಕಿವಿಗೆ ಒಂದು ಐತವಾರ ಮಧ್ಯಾಹ್ನ ಗ್ರಹಚಾರ ಬಂತು. ರೊಟ್ಟಿ, ಎಣಗಾಯಿ ಗಡದ್ದಾಗಿ ಹೊಡದು ಅಡ್ಡಾದ. ಬಿಸಿಲಿಗೆ ಓಣಿ ಎಲ್ಲಾ ಗಪ್ಪಗಿತ್ತು. ಆಗ ಕೇಳಿಸ್ತು: ‘ಕುಂಯ್...’ ಸಣ್ಣಂದು, ಎಳೀ ಎಳಿಯಾಗಿ, ನಿಲ್ಲದ ಸಪ್ಪಳ.

ಮಾಸ್ತರ ಮನಿ ಮತ್ತ ಇವರ ಮನಿ ನಡುವ ಒಂದ ಗ್ವಾಡಿ. ಮಾಸ್ತರು ಸಾಲ್ಯಾಗ ಸಂಗೀತ ಕಲಿಸಿ ರಿಟೈರ್ ಆದವರು. ಅವರ ಮನ್ಯಾಗ ಕರೆಂಟಿನ ಮ್ಯಾಲೆ ನಡಿಯೋ ತಂಬೂರಿ ಪೆಟಿಗಿ ಒಂದಿತ್ತು. ಗುಂಡಿ ಒತ್ತಿದ್ರ ತಾನ ಗುಂಯ್‌ಗುಡತಿತ್ತು. ಇನ್ನೇನು ಬೇಕು? ಕಳ್ಳ ಸಿಕ್ಕಂಗ ಆತು.

“ಒಂದು ವಾರದಾಗ ಆ ಪೆಟಿಗಿ ಬಾಯಿ ಮುಚ್ಚಸಲಿಲ್ಲಂದ್ರ ನಾ ಮೀಶಿ ಬೋಳಿಸಿಕೊಳ್ತೇನಿ,” ಅಂತ ಹೆಂಡತಿ ಸಾವಕ್ಕನ ಮುಂದ ಆಣಿ ಮಾಡಿದ.

“ಮೀಶಿ ಬ್ಯಾಡ್ರಿ,” ಅಂದ್ಲು ಸಾವಕ್ಕ. “ಇದ್ದದ್ದು ಅದೊಂದ ಛಲೋ ಐತಿ.”

ಹೋಗಿ ಬಾಗಲಾ ಬಡದ. ಬಾಯಿಗೆ ಬಂದದ್ದೆಲ್ಲಾ ಅಂದ. ಮಾಸ್ತರು ಪೂರಾ ಕೇಳಿ, ಕೂಡ್ರಿ ಅಂದ್ರು. ಅವರ ಮನೆಯವರು ಅಂಬಾಬಾಯಿ ಚಹಾ ತಂದ್ರು. ಪೆಟಿಗಿ ಬಂದ್ ಆತು. ಗುರುಶಿದ್ದಪ್ಪ ಗೆದ್ದ ಪೈಲವಾನನಂಗ ಮನಿಗೆ ಬಂದು ಅಡ್ಡಾದ.

ಕುಂಯ್...

ತಿರುಗಿ ಹೋದ. ಮಾಸ್ತರು ಫ್ಯಾನ್ ಬಂದ್ ಮಾಡಿದ್ರು. ಮತ್ತ ಹೋದ. ಗ್ವಾಡಿ ಗಡಿಯಾರ ಇಳಿಸಿ ಸೆಲ್ ತಗದ್ರು. ಬ್ಯಾಸಿಗಿ ಉರಿಯಾಗ ಆ ಹಿರ್ಯಾರು ಪೇಪರಿನಿಂದ ಗಾಳಿ ಬೀಸಿಕೋತ ಕೂತದ್ದು ನೋಡಿದ್ರೂ ಗುರುಶಿದ್ದಪ್ಪಗ ಕರುಣಾ ಬರಲಿಲ್ಲ. ಇಷ್ಟು ಸಮಾಧಾನದ ಮನಶ್ಯಾನ ಕಡೆ ಮುಚ್ಚಿಟ್ಟದ್ದು ಇನ್ನೊಂದು ಪೆಟಿಗಿ ಇರಾಕ ಬೇಕು ಅಂತ ಅವನ ಲೆಕ್ಕಾ.

ಕಡೀಕ ಮಾಸ್ತರು ಹಾರ್ಮೋನಿಯಂ ಮುಂದಿಟಗೊಂಡು, ಆ ಸಪ್ಪಳ ಹೆಂಗ ಅದ, ಒಂದಿಷ್ಟು ಅಂದು ತೋರಸ್ರಿ ಅಂದ್ರು. ಗುರುಶಿದ್ದಪ್ಪ ತುಟಿ ಉಬ್ಬಿಸಿ ‘ಕುಂಯ್’ ಅಂದ. ಮಾಸ್ತರು ಕಣ್ಣು ಮುಚ್ಚಿ ಒಂದೊಂದ ಪಟ್ಟಿ ಒತ್ತುತ್ತಾ ಹೋಗಿ ಒಂದರ ಮ್ಯಾಲೆ ನಿಂತ್ರು.

“ಹಾಂ, ಇದು ಕಾಳಿ ಐದು. ನಮ್ಮನ್ಯಾಗ ಇರೋದು ಕಾಳಿ ಒಂದು. ಈ ಕಾಳಿ ನಿಮ್ಮ ಮನ್ಯಾಗಿಂದ ಇರಬೇಕು ನೋಡ್ರಿ.”

ಹಾರ್ಮೋನಿಯಂದಾಗಿನ ಕರೀ ಪಟ್ಟಿಗೆ ಸಂಗೀತದವರು ಕಾಳಿ ಅಂತಾರ. ಐದನೇ ಕರೀ ಪಟ್ಟಿ ಅಂದ್ರ ಕಾಳಿ ಐದು. ಪತ್ರಾ ಬಡಿಯವಂಗ ಇದು ಹೆಂಗ ಗೊತ್ತಾಗಬೇಕು?

“ನನ್ನ ಹೆಂಡ್ತಿಗೆ ಕಾಳಿ ಅಂತೀರೇನ್ರಿ!” ಅಂತ ಎದ್ದ ನಿಂತ. ಚಹಾದ ಕಪ್ಪು ಬಸೀ ನೆಲಕ್ಕ ಬಿದ್ದು ಚೂರಾದವು. ಅಂಬಾಬಾಯಿ ಕಸಬರಗಿ ತಂದ್ರು. ಇಬ್ಬರೂ ಬೈಲಿಲ್ಲ. ಕಸಬರಗಿ ಸೈತ ಸಪ್ಪಳ ಮಾಡಲಿಲ್ಲ.

ಮನಿಗೆ ಬಂದು ಹೇಳಿದ್ರ ಸಾವಕ್ಕ, “ನೀವು ದಿನಾ ಅಂತೀರಲ್ಲ, ಅವರು ಒಂದು ಸಲಾ ಅಂದ್ರ ಏನಾತು?” ಅಂದ್ಲು.

ನಗಿ ಅಲ್ಲಿಗೆ ಮುಗೀತು. ಗುರುಶಿದ್ದಪ್ಪನ ನಿದ್ದಿ ಹಾರಿತ್ತು. ಕಣ್ಣು ಕೆಂಡದಂಗ, ಮಾತು ಕಾದ ಕಬ್ಬಿಣದ ಸಳಿ ಇದ್ದಂಗ. ವರ್ಕಶಾಪಿನ್ಯಾಗ ತೂಕಡಿಸಿ, ಮಷೀನಿನ ಬಾಯಾಗ ಬೆರಳು ಇಡೋದೊಂದ ಬಾಕಿ ಇತ್ತು, ಕೂದಲೆಳಿಯಷ್ಟರಾಗ ತಪ್ಪಿತು. ಸಾವಕ್ಕ ಹಾಸಿಗಿ ತಗೊಂಡು ಅಡಗಿ ಮನಿಗೆ ಹೋದ್ಲು. ತನಗ ಏನೂ ಕೇಳಸೂದಿಲ್ಲ, ತಲಿ ಯಾರಿಗರ ತೋರಿಸೋಣು ಅಂತ ಒಂದಿನ ಸಣ್ಣ ದನ್ಯಾಗ ಅಂದಾಕಿ, ಅಂದ ಮ್ಯಾಲೆ ಎರಡ ಹೆಜ್ಜಿ ಹಿಂದ ಸರಿದ್ಲು. ಆಕಿ ಹಿಂದ ಸರದದ್ದು ಅವಂಗ ಸಪ್ಪಳಕ್ಕಿಂತ ಜೋರ್ ಬಡೀತು. ಇಷ್ಟು ವರ್ಷದಾಗ ಆಕಿ ಅವಂಗ ನಕ್ಕಾಳ, ಬೈದಾಳ, ಅಂಜಿದ್ದಿಲ್ಲ.

ಅಷ್ಟ್ರಾಗ ಮಾಸ್ತರೂ ಅಂಬಾಬಾಯೀನೂ ಬೆಳಗಾವಿಗೆ ಮಗಳ ಮನಿಗೆ ಹೋದ್ರು. ಇನ್ನರ ನಿದ್ದಿ ಬಂದೀತು ಅಂತ ಗುರುಶಿದ್ದಪ್ಪ ಹಗಲೊತ್ತಿನ್ಯಾಗ ಚಾದರಾ ಹೊದ್ದ.

ಕುಂಯ್...

ಪೆಟಿಗಿ ಚಾಲೂ ಇಟ್ಟ ಹೋಗ್ಯಾರ! ಬನಿಯನ್ ಮ್ಯಾಲೆ ಅಂಗಿ ಸಿಗಿಸಿಕೊಂಡು ಹೋದವನ, ಅವರ ಕಟ್ಟಿ ಮ್ಯಾಲಿನ ಮೀಟರ್ ಬೋರ್ಡಿನಿಂದ ಫ್ಯೂಜ್ ಕಿತ್ತು ಕಿಸೇದಾಗ ಹಾಕಿಕೊಂಡ. ನಿಂತು ಕೇಳಿದ. ಕುಂಯ್... ಓಣಿ ತುದೀತನಾ ನಡದ. ಅಲ್ಲೂ ಕುಂಯ್. ಗಾಡಿ ಹತ್ತಿ ಕೆಲಗೇರಿ ಕೆರಿ ದಂಡೀಗೆ ಹೋಗಿ ಕೂತ. ನೀರು ಗಪ್ಪ, ಗಾಳಿ ಗಪ್ಪ, ಕುಂಯ್ ಮಾತ್ರ ಹೋದಲ್ಲಿ ಬಂದಿತ್ತು. ಮಾಸ್ತರು ಬೆಳಗಾವ್ಯಾಗಿಂದ ಬಾರಸಾಕತ್ತಾರೇನು?

ಅಲ್ಲಿ ಕೂತಾಗ ಮೊದಲನೇ ಸಲ ಅವಂಗ ಅಂಜಿಕಿ ಬಂತು. ಮನಿಗೆ ಬಂದು, ಎಲ್ಲಿಗರ ಕರಕೊಂಡು ನಡಿ ಅಂತ ಸಾವಕ್ಕಗ ಅಂದ.

ಕಿವಿ ಡಾಕ್ಟರಕಿ ಋತುಜಾ, ಅವನ ಮಗಳ ವಯಸ್ಸಿನಾಕಿ. ಕಿವಿಗೆ ಯಂತ್ರ ಹಚ್ಚಿ ತಪಾಸ ಮಾಡಿ, ಏನು ಕೆಲಸಾ ಮಾಡ್ತೀರಿ ಅಂತ ಕೇಳಿದ್ಲು. ಕಿವಿ ಕಬ್ಬಿಣದ್ದು ಅಂತ ಇವ ಹೇಳಿದ.

“ಅದಕ್ಕ ಕಾಕಾ, ತುಕ್ಕು ಹಿಡಿದದ,” ಅಂದ್ಲು ಆಕಿ. “ಈ ಸಪ್ಪಳ ಹೊರಗಿಂದಲ್ರಿ. ನಿಮ್ಮ ಕಿವ್ಯಾಗ ಹುಟ್ಟತದ. ಇದಕ್ಕ ಸ್ವಿಚ್ ಇಲ್ಲ.”

ಮಷೀನಿನ ಮುಂದ ಕಿವಿ ಮುಚ್ಚಿಕೋರಿ ಅಂದ್ಲು. ಅದನ್ನ ಮನಸ್ಸಿಗೆ ಹಚ್ಚಿಕೊಂಡಷ್ಟೂ ಅದು ದೊಡ್ಡದಾಗ್ತದ, ನಿದ್ದಿ ಕೆಡ್ತದ, ನಿದ್ದಿ ಕೆಟ್ಟ್ರ ಸಿಟ್ಟು ಏರ್ತದ, ಸಿಟ್ಟಿಗೆ ಅದು ಇನ್ನೂ ದೊಡ್ಡದಾಗ್ತದ ಅಂತ ತಿಳಿಸಿ ಹೇಳಿದ್ಲು. ಮಲಗೂ ಮುಂದ ಬಾಜೂಕ ಇನ್ನೊಂದು ಮೆತ್ತನ ಸಪ್ಪಳ ಇಟಗೋಬೇಕಂತ. ಮನಸ್ಸು ಅದರ ಹಿಂದ ಹೋಗಿ ಇದನ್ನ ಮರೀತದಂತ.

“ಎಂಥಾ ಸಪ್ಪಳ?” ಅಂದ ಗುರುಶಿದ್ದಪ್ಪ.

“ಯಾವದಾದ್ರೂ ನಡೀತದ. ತಂಬೂರಿ ಇದ್ರ ಭಾಳ ಛಲೋ.”

ಸಾವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಹೊರಗ ಹೋದ್ಲು. ಆಕಿ ಭುಜಾ ನಗಿಗೆ ಕುಣಿಯೋದು ನೋಡಿ ಗುರುಶಿದ್ದಪ್ಪನ ಎದಿ ತಂಪಾತು: ಆಕಿ ಅಂಜಿಕಿ ಹೋಗಿತ್ತು.

ಈ ಗದ್ದಲದಾಗ ಕಿಸೇದಾಗಿನ ಫ್ಯೂಜ್ ಮರತ ಹೋಗಿತ್ತು. ನೆನಪಾದದ್ದು ಮಾಸ್ತರು ಬೆಳಗಾವಿಯಿಂದ ಬಂದು ಬಾಗಲಾ ತಗದ ಮ್ಯಾಲೆ, ಓಣಿ ಎಲ್ಲಾ ಹುಳೀ ವಾಸನಿ ಹರದಾಗ. ಅಂಬಾಬಾಯಿ ಆಪೂಸ ಮಾವಿನಹಣ್ಣಿನ ರಸಾ ತಗದು, ಮಗಳ ಬಾಣಂತನಕ್ಕಂತ ಫ್ರಿಜ್ಜಿನ್ಯಾಗ ಡಬ್ಬಿಗಟ್ಟಲೇ ಇಟ್ಟಿದ್ರು. ಎಲ್ಲಾ ಬುರುಗು ಬಂದು ಉಕ್ಕಿತ್ತು. ಪಾಪ, ಅವರು ಕರೆಂಟು ಹೋಗಿರಬೇಕು ಅನಕೊಂಡು ನೆಲಾ ಒರಸಾಕತ್ತಿದ್ರು.

ಗುರುಶಿದ್ದಪ್ಪ ಹೋಗಿ ಫ್ಯೂಜ್ ತಗದು ಮಾಸ್ತರ ಅಂಗೈಯಾಗ ಇಟ್ಟ. ಡಾಕ್ಟರು ಅಂದದ್ದನ್ನೂ ಹೇಳಿದ.

“ಬೈರಿ ಮಾಸ್ತರ. ಅವತ್ತಿಂದೆಲ್ಲಾ ಸೇರಿಸಿ ಬೈರಿ.”

ಮಾಸ್ತರು ಬೈಯಾಕಂತ ತಯಾರಾದ್ರು. ಒಂದೆರಡು ಸಲ ಬಾಯಿ ತಗದ್ರು, ಗಂಟಲಾ ಸರಿ ಮಾಡಿಕೊಂಡ್ರು. ಏನೂ ಹೊಂಡಲಿಲ್ಲ.

“ಆಗವಲ್ತರಿ ಗುರುಶಿದ್ದಪ್ಪನವರ,” ಅಂದ್ರು ನಾಚಿಕೊಂಡು. “ಬೈಗಳದ್ದು ರಿಯಾಜ್ ಇಲ್ಲ ನನಗ. ಸಾವಕಾಶ ನೋಡೋಣಂತ.”

ಫ್ಯೂಜ್ ಹಾಕಿ ಬಂದ್ರು. ಬಾಗಲದಾಗ ಇನ್ನೂ ನಿಂತಾನ ಗುರುಶಿದ್ದಪ್ಪ.

“ಮಾಸ್ತರ... ಆ ಪೆಟಿಗಿ ಒಂದೀಟು ಹಚ್ಚತೀರೇನ್ರಿ?”

“ಸಣ್ಣಗ ಹಚ್ಚತೇನಿ, ನಿಮಗ ಕೇಳಸದಂಗ.”

“ಅಲ್ರಿ. ಗ್ವಾಡಿ ದಾಟೂವಂಗ.”

ಮಾಸ್ತರು ಕನ್ನಡಕ ಏರಿಸಿ ಅವನ ಮಾರಿ ನೋಡಿದ್ರು. ಆಮ್ಯಾಲೆ ಪೆಟಿಗಿ ಕಿವಿ ತಿರುವುತ್ತಾ, “ಕಾಳಿ ಐದಕ್ಕ ಹಚ್ಚಲ್ಯಾ?” ಅಂದ್ರು.

ಈಗ ಐತವಾರ ಮಧ್ಯಾಹ್ನ ಕಾಳಿ ಐದು ಗ್ವಾಡಿ ದಾಟಿ ಬರ್ತೈತಿ. ಕಿವ್ಯಾಗಿನ ಕುಂಯ್ ಅದರಾಗ ಕೂಡಿ ಕಳೀತೈತಿ. ಸಾವಕ್ಕನ ಹಾಸಿಗಿ ಅಡಗಿ ಮನಿಯಿಂದ ತಿರುಗಿ ಬಂದೈತಿ. ಗುರುಶಿದ್ದಪ್ಪ ಗೊರಕಿ ಹೊಡದು ಏಳ್ತಾನ, ಎದ್ದವನ ಚಹಾ ಕಪ್ಪು ಹಿಡಕೊಂಡು ಗ್ವಾಡಿಗೆ ಕಿವಿ ಹಚ್ಚತಾನ.

ತಂಬೂರಿ ಕೇಳಸ್ತೈತಿ. ಬೈಗಳ ಇನ್ನೂ ಬಂದಿಲ್ಲ.