ಕೆಂಪಿಗೆ ಎಡಬಲ ಇಲ್ಲ

ಇಪ್ಪತ್ತೆರಡು ವರ್ಷ ರೈಲು ಓಡಿಸಿದ ಹೆಂಗಸು ಕಾರಿನ ಪರೀಕ್ಷೆಯಲ್ಲಿ ನಪಾಸಾದಳು ಎಂಬ ಸುದ್ದಿ ಅಮೆರಿಕದ ಈ ಸೆರಿಟೋಸಿನ ಕನ್ನಡದ ಮನೆಗಳಲ್ಲಿ ಹರಡಿದ ವೇಗದಲ್ಲಿ ನಾನು ಯಾವ ರೈಲನ್ನೂ ಓಡಿಸಿದವಳಲ್ಲ. ಬೆಳಿಗ್ಗೆ ನಪಾಸಾದೆ, ಸಂಜೆಯೊಳಗೆ ಎರಡು ಬೀದಿ ಆಚೆಯ ಪದ್ಮಾ ಕೋಸಂಬರಿಯ ಡಬ್ಬಿ ಹಿಡಿದು ಬಂದಿದ್ದಳು. “ಪರವಾಗಿಲ್ಲ ಬಿಡಿ ಆಂಟಿ, ರೈಲು ಕಂಬಿ ಮೇಲೆ ತಾನೇ ಹೋಗತ್ತೆ, ನಿಮಗೆ ತಿರುಗಿಸಿ ಅಭ್ಯಾಸ ಇಲ್ಲ” ಎಂದು ಸಮಾಧಾನ ಹೇಳಿದಳು. ಕೋಸಂಬರಿ ತಾಜಾ ಇತ್ತು. ಸಮಾಧಾನ ಹಳಸಿತ್ತು, ಅದೇ ಮಾತನ್ನು ಲಂಡನ್ನಿನಲ್ಲೂ ಸಾಕಷ್ಟು ಸಲ ಕೇಳಿದ್ದೇನೆ.

ತಿರುಗಿಸುವುದೇನೂ ಇಲ್ಲ, ನಿಜ. ಆದರೆ ನಿಲ್ಲಿಸುವುದಿದೆಯಲ್ಲ! ಹನ್ನೆರಡು ಬೋಗಿಯ ಗಾಡಿ ಗಂಟೆಗೆ ತೊಂಬತ್ತು ಮೈಲಿಯಲ್ಲಿ ಹೋಗುತ್ತಿದ್ದರೆ, ಬ್ರೇಕ್ ಹಾಕಿದ ಮೇಲೆ ಅದು ನಿಲ್ಲುವುದು ಅರ್ಧ ಮೈಲಿಗೂ ಆಚೆ. ನಿಲ್ಲುವ ಜಾಗ ಕಣ್ಣಿಗೆ ಬೀಳುವ ಮೊದಲೇ ನಿಲ್ಲಿಸಲು ಶುರು ಮಾಡಬೇಕು. ಎಲೆ ಉದುರುವ ಕಾಲದಲ್ಲಿ ಇನ್ನೂ ಮೊದಲು, ಏಕೆಂದರೆ ಚಕ್ರದಡಿ ಅರೆದ ಎಲೆ ಕಂಬಿಯ ಮೇಲೆ ಸೋಪು ಬಳಿದ ಹಾಗೆ ಕೂತಿರುತ್ತದೆ. ಎದುರಿಗೆ ಎರಡು ಹಳದಿ ದೀಪ ಕಂಡರೆ ವೇಗ ಇಳಿಸು. ಒಂದೇ ಹಳದಿ ಕಂಡರೆ ಮುಂದಿನದು ಕೆಂಪು. ಕೆಂಪು ಕಂಡರೆ ಸಾಕ್ಷಾತ್ ಚಾಮುಂಡೇಶ್ವರಿಯೇ ಹೋಗು ಎಂದರೂ ನಿಲ್ಲು. ಹಳದಿ ಸಿಗ್ನಲ್ ಹತ್ತಿರ ಬಂದಾಗ ಡ್ರೈವರ್ ಕೂರುವ ಕಡೆ ಒಂದು ಹಾರ್ನ್ ಕೂಗುತ್ತದೆ. ಗುಂಡಿ ಒತ್ತಿ ‘ಕೇಳಿಸಿತು ಮಹಾರಾಯ’ ಎಂದು ಒಪ್ಪಿಕೊಳ್ಳದಿದ್ದರೆ ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಒಪ್ಪಿಕೊಂಡರೆ ಎದುರಿಗೆ ಕಪ್ಪು-ಹಳದಿ ಪಟ್ಟೆಯ ಬಿಲ್ಲೆಯೊಂದು ಅರಳುತ್ತದೆ. ನಾವು ಅದನ್ನು ಸೂರ್ಯಕಾಂತಿ ಎನ್ನುತ್ತಿದ್ದೆವು. ‘ಒಪ್ಪಿಕೊಂಡಿದ್ದೀಯ, ಮರೆಯಬೇಡ’ ಎಂದು ಅದು ಮುಖವನ್ನೇ ನೋಡುತ್ತಿರುತ್ತದೆ. ಕಟ್ಟಿಕೊಂಡ ಗಂಡನೂ ನನ್ನನ್ನು ಅಷ್ಟು ದಿಟ್ಟಿಸಿ ನೋಡಿದವರಲ್ಲ.

ಲಂಡನ್ನಿನಲ್ಲಿ ಕಾರು ಅವರ ಇಲಾಖೆ, ರೈಲು ನನ್ನದು. ಅವರು ಹೋದರು, ನಾನು ನಿವೃತ್ತಳಾದೆ, ಇಲ್ಲಿಗೆ ಮಗಳು ವಿದ್ಯಾಳ ಮನೆಗೆ ಬಂದೆ. ಈ ಊರಿನಲ್ಲಿ ಕರಿಬೇವಿನ ಒಂದು ಕಡ್ಡಿ ತರುವುದಕ್ಕೂ ಯಾರನ್ನಾದರೂ ಕಾರಿಗಾಗಿ ಕೇಳಬೇಕು. ಸಾವಿರ ಜನರನ್ನು ಸಮಯಕ್ಕೆ ಮುಟ್ಟಿಸುತ್ತಿದ್ದವಳು ಶನಿವಾರ ಯಾರಿಗೆ ಬಿಡುವಾಗುತ್ತದೆ ಎಂದು ಕಾಯುವುದೇ? ಕಲಿತೇ ಬಿಡುತ್ತೇನೆ ಎಂದೆ. ಅಳಿಯ ಪ್ರಸನ್ನ ಒಳ್ಳೆಯ ಹುಡುಗ, ಟೆಲಿಕಾಂ ಎಂಜಿನಿಯರ್, ತಾಳ್ಮೆಗೆ ಹೆಸರಾದವನು. ಆ ಹೆಸರು ಮೊದಲ ವಾರದಲ್ಲೇ ಹಾಳಾಯಿತು. ಇಲ್ಲಿ ಹಳದಿ ದೀಪ ಕಂಡರೆ ಜನ ಇನ್ನೂ ಜೋರಾಗಿ ಹೋಗುತ್ತಾರೆ. ನಾನು ದೂರದ ಹಸಿರನ್ನು ಕಂಡೇ, ಇದು ಇನ್ನೇನು ಹಳದಿಯಾಗುತ್ತದೆ ಎಂದು ವೇಗ ಇಳಿಸುತ್ತಿದ್ದೆ. ಅದನ್ನೂ ಅವನು ಸಹಿಸಿಕೊಂಡ. ಆಮೇಲೆ ಬಲಕ್ಕೆ ತಿರುಗಬೇಕಾದ ಕಡೆ ಒಂದು ಕೆಂಪು ದೀಪ ಬಂತು.

“ಅತ್ತೆ, ಫುಲ್ ಸ್ಟಾಪ್ ಮಾಡಿದ್ರಲ್ಲ, ಈಗ ನೋಡ್ಕೊಂಡು ಟರ್ನ್ ಮಾಡಿ” ಎಂದ.

“ಕೆಂಪಿದೆಯಲ್ಲಪ್ಪ.”

“ರೈಟಿಗೆ ಪರವಾಗಿಲ್ಲ ಅತ್ತೆ. ನಮ್ಮೂರಿನ ಫ್ರೀ ಲೆಫ್ಟ್ ಥರ, ಇಲ್ಲಿ ಲೀಗಲ್ಲು.”

“ಕೆಂಪಿಗೆ ಎಡಬಲ ಇಲ್ಲ ಕಣೋ” ಎಂದು ಬ್ರೇಕಿನ ಮೇಲೆ ಕಾಲು ಊರಿ ಕುಳಿತೆ. ಹಿಂದಿನವರೆಲ್ಲ ಸೇರಿ ಹಾರ್ನ್ ಹೊಡೆದರು. ಪ್ರಸನ್ನ ಕಿಟಕಿಯ ಕಡೆ ಮುಖ ಮಾಡಿಕೊಂಡು, ತಾನು ಈ ಕಾರಿನವನೇ ಅಲ್ಲ ಎಂಬಂತೆ ಕುಳಿತ.

ಪರೀಕ್ಷೆಯಲ್ಲೂ ಹಾಗೇ ಮಾಡಿದೆ. ಪರೀಕ್ಷಕ ಮೂರು ಕಡೆ ‘ಅನಗತ್ಯ ನಿಲುಗಡೆ’ ಎಂದು ಗೀಚಿ, ವೇಗವೂ ಸಾಲದು ಎಂದು ಸೇರಿಸಿ, ಹಾಳೆಯನ್ನು ಕೈಗಿತ್ತ. ಆ ರಾತ್ರಿ ಊಟಕ್ಕೆ ಕುಳಿತಾಗ ವಿದ್ಯಾ ಗೋಗರೆದಳು: “ಅಮ್ಮಾ, ಟೆಸ್ಟಲ್ಲಿ ಮಾತ್ರ ಒಂದೇ ಒಂದ್ಸಲ ತಿರುಗಿಸ್ಬಿಡೇ. ಆಮೇಲೆ ನಿನ್ನಿಷ್ಟ. ಇಷ್ಟಕ್ಕೆ ಯಾಕ್ ಹಠ?”

“ಪುಸ್ತಕದಲ್ಲಿ ಹೋಗಬಹುದು ಅಂತಿದೆ, ಹೋಗಲೇಬೇಕು ಅಂತಿಲ್ಲ” ಎಂದೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಮಗಳು ಹಠ ಎಂದದ್ದು ಚುಚ್ಚಿತು. ಅವಳ ಅಪ್ಪನಿಗೂ ಹೇಳದಿದ್ದ ಒಂದು ಸಂಗತಿಯನ್ನು ಮೊಸರನ್ನದ ತಟ್ಟೆಯ ಮುಂದೆ ಹೇಳಿಬಿಟ್ಟೆ.

ಕೆಲಸಕ್ಕೆ ಸೇರಿ ಆರನೆಯ ವರ್ಷ. ಲಂಡನ್ನಿನ ದಕ್ಷಿಣಕ್ಕೊಂದು ಸಣ್ಣ ಸ್ಟೇಷನ್, ಕಚೇರಿ ಬಿಡುವ ಹೊತ್ತು, ನಾಲ್ಕು ನಿಮಿಷ ತಡವಾಗಿತ್ತು. ಬಾಗಿಲು ಮುಚ್ಚಿದ ಗಾರ್ಡ್ ಹಿಂದಿನಿಂದ ಎರಡು ಗಂಟೆ ಕೊಟ್ಟ: ಟಿಂಗ್ ಟಿಂಗ್. ಅವನ ಕೆಲಸ ಮುಗಿಯಿತು, ಹೊರಡಬಹುದು ಎಂದು ಅರ್ಥ. ಆದರೆ ಹೊರಡುವ ಮೊದಲು ಡ್ರೈವರ್ ಸಿಗ್ನಲ್ ನೋಡಬೇಕು. ನಾನು ಗಂಟೆ ಕೇಳಿದೆ, ಸಿಗ್ನಲ್ ನೋಡಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಗಾಡಿಯನ್ನು ಹೊರಡಿಸಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೆಂಪು. ಹಳಿಯಲ್ಲಿ ಕೂರಿಸಿದ್ದ ಯಂತ್ರ ತಾನೇ ಬ್ರೇಕ್ ಹಿಡಿಯಿತು. ದೀಪವನ್ನು ಒಂದು ಬೋಗಿಯಷ್ಟು ದಾಟಿ ನಿಂತೆ. ಯಾರಿಗೂ ಏನೂ ಆಗಲಿಲ್ಲ, ಪೇಪರ್ ಓದುತ್ತಿದ್ದವರು ಪುಟವನ್ನೂ ಮಗುಚಲಿಲ್ಲ. ಆದರೆ ಫೋನ್ ಎತ್ತಿ ಸಿಗ್ನಲ್‌ನವನಿಗೆ “ನಾನು ಕೆಂಪು ದಾಟಿದ್ದೇನೆ” ಎಂದು ಹೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಲ್ಲೇ ನನ್ನನ್ನು ಇಳಿಸಿದರು. ಕುಡಿದಿದ್ದೇನೆಯೇ ಎಂದು ಪರೀಕ್ಷೆ ಮಾಡಿದರು. ವಾರಗಟ್ಟಲೆ ವಿಚಾರಣೆ, ಮತ್ತೆ ತರಬೇತಿ. ಮನೆಯಲ್ಲಿ ಸೊಂಟ ನೋವು, ರಜೆ ಎಂದಿದ್ದೆ.

“ಅವತ್ತು ಗಂಟೆ ಹೊಡೆದ್ರು ಅಂತ ಹೊರಟೆ. ಈಗ ಹಾರ್ನ್ ಹೊಡೀತಾರೆ ಅಂತ ಹೊರಡಲ್ಲ” ಎಂದೆ. ವಿದ್ಯಾ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಪ್ರಸನ್ನ ಮರುದಿನವೇ ಎರಡನೇ ಪರೀಕ್ಷೆಗೆ ಬುಕ್ ಮಾಡಿದ. ಬಲಕ್ಕೆ ತಿರುಗಿ ಎಂದು ಅವನು ಮತ್ತೆ ಹೇಳಲಿಲ್ಲ. ಬದಲಿಗೆ ಹಸಿರಿನಲ್ಲಿ ಧೈರ್ಯವಾಗಿ ಹೋಗುವುದನ್ನು ಕಲಿಸಿದ.

ಎರಡನೇ ಸಲ ಪರೀಕ್ಷೆ ಮಾಡಲು ಬಂದದ್ದು ನರೆಗೂದಲಿನ ಹೆಂಗಸು. ಅದೇ ಕೆಂಪು, ಹಿಂದೆ ಅದೇ ಹಾರ್ನ್. ಸುರಕ್ಷಿತ ಅನ್ನಿಸಿದರೆ ನೀವು ತಿರುಗಬಹುದು ಎಂದಳು. “ಗೊತ್ತು ಮೇಡಂ. ಆದರೆ ನಾನು ಒಂದು ಸಲ ದಾಟಿದ್ದೆ, ರೈಲಿನಲ್ಲಿ” ಎಂದೆ. ಅವಳು ಪೆನ್ನು ಎತ್ತಿದಳು, ನನ್ನನ್ನು ಒಮ್ಮೆ ನೋಡಿದಳು. ಹಸಿರು ಬಂತು. ಅಲ್ಲೊಂದು ತಪ್ಪು ಗುರುತು ಹಾಕಿದಳು, ಆದರೆ ಉಳಿದದ್ದರಲ್ಲಿ ಹಾಕಲು ಏನೂ ಸಿಗಲಿಲ್ಲ. ಪಾಸಾದೆ. ಈ ಸುದ್ದಿ ಮಾತ್ರ ಪದ್ಮಾಳ ಮನೆ ತಲುಪುವುದಕ್ಕೆ ನಾಲ್ಕು ದಿನ ಹಿಡಿಯಿತು.

ಲೈಸೆನ್ಸ್ ಬಂದ ಮೇಲೆ ಮೊಮ್ಮಗಳು ಅನಘಾಳನ್ನು ನೋಡಲು ಒಬ್ಬಳೇ ಹೊರಟೆ. ಅವಳು ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿದ್ದು ಓದುತ್ತಾಳೆ. ಫುಲ್ಲರ್ಟನ್ ಸ್ಟೇಷನ್ನಿನವರೆಗೆ ಕಾರು, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಹೋಗುವ ರೈಲು. ಸ್ಟೇಷನ್ನಿಗೆ ಬಲಕ್ಕೆ ತಿರುಗುವ ಕೊನೆಯ ದೀಪ ಕೆಂಪಾಯಿತು. ಅಡ್ಡ ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಹಿಂದೆ ನಾಲ್ಕು ಕಾರು, ನಾಲ್ಕು ಬಗೆಯ ಹಾರ್ನ್. ನಿಂತೆ. ಹಸಿರಾದ ಮೇಲೆ ತಿರುಗಿ, ಕಾರು ನಿಲ್ಲಿಸಿ, ಸೀರೆ ಎತ್ತಿ ಕಟ್ಟಿಕೊಂಡು ಓಡಿ ಪ್ಲಾಟ್‌ಫಾರ್ಮ್ ಮುಟ್ಟುವಷ್ಟರಲ್ಲಿ ಗಾಡಿ ಚಲಿಸತೊಡಗಿತ್ತು. ಕೈ ಬೀಸಿದೆ, ಕೂಗಿದೆ, ಕೊನೆಯ ಬೋಗಿಯೂ ಹೋಯಿತು.

ಫೋನಿನಲ್ಲಿ ಅನಘಾ, “ಅಜ್ಜೀ! ಯೂ ಕುಡ್ ಹ್ಯಾವ್ ಜಸ್ಟ್ ಟರ್ನ್ಡ್ ರೈಟ್!” ಎಂದು ಕಿರುಚಿದಳು.

“ತಿರುಗಬಹುದಿತ್ತು ಪುಟ್ಟಿ” ಎಂದೆ. “ಅದಿರಲಿ, ನನ್ನನ್ನ ನೋಡಿಯೂ ಹೊರಟುಬಿಟ್ಟ ನೋಡು ಆ ಡ್ರೈವರ್ರು! ಅರ್ಧ ನಿಮಿಷ ನಿಂತಿದ್ರೆ ಅವನ ಗಂಟೇನು ಹೋಗ್ತಿತ್ತು?”

ಆ ಕಡೆಯಿಂದ ಅವಳು ನಗುತ್ತಲೇ ಇದ್ದಳು. ಏಕೆ ನಗುತ್ತಾಳೆ ಎಂದು ಸಿಟ್ಟು ಬಂತು. ಬೆಂಚಿನ ಮೇಲೆ ಕುಳಿತು ಏದುಸಿರು ಇಳಿದ ಮೇಲೆ, ಇಪ್ಪತ್ತೆರಡು ವರ್ಷಗಳಲ್ಲಿ ಓಡಿಬಂದು ಕೈಬೀಸಿದ ಎಷ್ಟು ಹೆಂಗಸರ ಮುಖಕ್ಕೆ ಸರಿಯಾಗಿ, ಸಮಯಕ್ಕೆ ಸರಿಯಾಗಿ, ನಾನು ಗಾಡಿ ಬಿಟ್ಟಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ, ಬೇಗನೆ ನಿಲ್ಲಿಸಿದೆ.