ಸೆರಗು ಹಿಡಿದ ಗಿಣಿ: ಹೊಲಿಗೆ ಯಂತ್ರದ ಹಲ್ಲುಗಳಿಗೊಂದು ಅಹವಾಲು

ನನ್ನ ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಎರಡು ಸಾಲಾಗಿ ಆಸೀನರಾಗಿರುವ ಮಾನ್ಯ ಹಲ್ಲುಗಳೇ,

ಬೇಗಂಪೇಟೆಯ ಎರಡನೇ ಮಹಡಿಯಿಂದ ಅಮಿತಾ ಮಾಡುವ ಅನಂತ ನಮಸ್ಕಾರಗಳು. ತಮಗೆ ಎಣ್ಣೆ ಸಕಾಲಕ್ಕೆ ಸಿಗುತ್ತಿದೆಯೆಂದೂ, ಸಂದಿಯಲ್ಲಿ ಸೇರಿದ ನೂಲಿನ ಧೂಳಿನಿಂದ ಆರೋಗ್ಯ ಕೆಟ್ಟಿಲ್ಲವೆಂದೂ ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಹನ್ನೆರಡು ವರ್ಷ ನಾನು ಇಟ್ಟ ಬಟ್ಟೆಯನ್ನೆಲ್ಲ ಕಚ್ಚಿ ಹಿಡಿದು ಒಂದೇ ಅಳತೆಯಲ್ಲಿ ಸಾಗಿಸಿದವರು ತಾವು. ನೇರ ಹೊಲಿಗೆ ನನ್ನದೆಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಈ ಜಂಬದಲ್ಲಿಯೇ, ನನ್ನ ತಮ್ಮ ನಿಶಾಂತನಿಗೆ ಹೆಣ್ಣುಕೂಸು ಹುಟ್ಟಿದಾಗ, ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಟ್ಟಬೇಕಾದ ಕುಂಚಿಗೆಯನ್ನು, ಅಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಆ ಟೊಪ್ಪಿಗೆಯನ್ನು, ನಾನೇ ಹೊಲಿದು ಬೆನ್ನ ಮೇಲೊಂದು ಗಿಣಿಯನ್ನೂ ಬಿಡಿಸುವೆನೆಂದು ಮಾತು ಕೊಟ್ಟೆ.

ಯಂತ್ರದಲ್ಲಿ ಕಸೂತಿ ಕಲಿಸುವ ಉಮಾಬಾಯಿಯವರು ಮೊದಲ ದಿನವೇ, "ಹಲ್ಲು ಕೆಳಗ ಇಳಸ್ರಿ, ಮ್ಯಾಲಿಂದ ಒತ್ತಿ ಹಿಡಿಯೂ ಪಾದಾ ತಗೀರಿ. ಇನ್ನ ಅರಿವಿ ಎತ್ತ ಹೋಗಬೇಕನ್ನೂದು ನಿಮ್ಮ ಕೈಯಾಗ ಐತ್ರಿ" ಎಂದರು. ಗುಂಡಿ ತಿರುಗಿಸಿದ್ದೇ ತಡ, ತಾವು ಒಂದು ರಜೆಯ ಅರ್ಜಿಯನ್ನೂ ಕೊಡದೆ ತಟ್ಟೆಯ ಕೆಳಗೆ ಇಳಿದುಹೋದಿರಿ. ಆಮೇಲೆ ಕಾಲು ಓಡಿದರೆ ಕೈ ನಿಂತಿತು, ಕೈ ಓಡಿದರೆ ಸೂಜಿ ಮುರಿಯಿತು. ಮೂರು ವಾರದ ನನ್ನ ತಪಸ್ಸನ್ನು ನೋಡಿ ನಮ್ಮ ಅವ್ವ ಕೃಷ್ಣಾಬಾಯಿ, "ಕೋಳಿ ಭಾಳ ಛಂದ ಐತಿ" ಎಂದಳು.

ಸಮಾರಂಭದ ಬೆಳಿಗ್ಗೆ, ನನ್ನನ್ನು ತೊಟ್ಟಿಲಿಗೆ ಹಾಕಿದಂದು ಅವ್ವ ಉಟ್ಟಿದ್ದ ಇಳಕಲ್ ಸೀರೆಯನ್ನೇ ಉಟ್ಟು, ಬಾಕಿಯಿದ್ದ ರೆಕ್ಕೆ ತುಂಬಲು ಕೂತೆ. ಜಾರಿದ ಸೆರಗು, ಬಟ್ಟೆಯನ್ನು ಬಿಗಿಹಿಡಿಯುವ ಕಸೂತಿ ರಿಂಗಿನ ಕೆಳಗೆ ಸೇರಿದ್ದು ನನಗೆ ತಿಳಿಯಲಿಲ್ಲ. ತಾವು ಮೇಲಿದ್ದಿದ್ದರೆ ಬಟ್ಟೆ ದಪ್ಪವಾಯಿತೆಂದು ಗೊಣಗಿಯಾದರೂ ಎಚ್ಚರಿಸುತ್ತಿದ್ದಿರಿ. ಕೆಳಗೆ ಕೂತು ಮಜಾ ನೋಡಿದಿರಿ. ನಾನು ಎದ್ದು ನಿಂತಾಗ ಕುಂಚಿಗೆಯೂ ನನ್ನ ಜೊತೆಗೇ ಎದ್ದಿತು.

ಲಿಂಗಂಪಲ್ಲಿಯಲ್ಲಿ ಹನ್ನೊಂದಕ್ಕೆ ಮುಹೂರ್ತ. ಅಷ್ಟು ಒತ್ತಾದ ಹೊಲಿಗೆಯನ್ನು ಬಿಚ್ಚಲು ಸಂಜೆಯಾಗುತ್ತಿತ್ತು. "ಕೂಸಿನ ಕುಂಚಿಗಿಗೆ ಕತ್ತರಿ ಹಚ್ಚಬ್ಯಾಡ, ನನ್ನ ಸೀರಿ ಹೋದ್ರ ಹೋಗ್ಲಿ" ಎಂದು ಅವ್ವನೇ ಗಿಣಿಯ ಸುತ್ತ ಸೆರಗನ್ನು ಕತ್ತರಿಸಿದಳು. ನನಗೆ ಅಳು ಬಂತು. ಅವಳು ಅಳಲಿಲ್ಲವೆಂದು ಇನ್ನೂ ಹೆಚ್ಚು ಬಂತು.

ಕುಂಚಿಗೆ ಕಟ್ಟಿ, ಕೂಸಿನ ಕಿವಿಯಲ್ಲಿ ಪೂರ್ವಿ ಎಂದು ಹೆಸರು ಹೇಳಿ ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ, ನಿಶಾಂತನ ಅತ್ತೆ, ಮೈಸೂರಿನ ಕಮಲಾಕ್ಷಿಯವರು ಕುಂಚಿಗೆಯ ಒಳಮಗ್ಗುಲನ್ನು ಮಗುಚಿಯೇಬಿಟ್ಟರು. "ಅಯ್ಯೋ, ಹಳೇ ಇಳಕಲ್ಲು! ಒಳಗಡೆ ಅಜ್ಜಿ ಸೆರಗು ಇಟ್ಟು ಹೊಲಿದಿದ್ದೀರಾ! ಎಷ್ಟು ಚೆನ್ನಾಗಿದೆ!" ಎಂದರು. ಅವ್ವ ಕಣ್ಣು ಮಿಟುಕಿಸದೆ, "ನಮ್ಮ ಕಡೆ ಪದ್ಧತೀನ ಹಂಗ ಐತ್ರಿ. ಅಜ್ಜಿ ಸೆರಗಿಲ್ಲದ್ದು ಕುಂಚಿಗೀನ ಅಲ್ರಿ" ಎಂದಳು.

ಆದಕಾರಣ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ಕೆಳಗಿಳಿದಾಗಲೂ ತಮ್ಮಲ್ಲಿ ಒಬ್ಬರಾದರೂ ಕಾವಲಿಗೆ ಮೇಲಿರಬೇಕು, ಬಿಡುವಿನಲ್ಲಿ ಬೇಗಂಪೇಟೆಯ ರಸ್ತೆಗೆ ಹೋಗಿ ವಾಹನಗಳನ್ನೂ ಒಂದೇ ಅಳತೆಯಲ್ಲಿ ಮುಂದೆ ಸಾಗಿಸಬೇಕು, ಮತ್ತು ನನ್ನದು ಗಿಣಿಯೇ ಹೊರತು ಕೋಳಿಯಲ್ಲವೆಂದು ಅವ್ವನಿಗೆ ಲಿಖಿತ ಪ್ರಮಾಣಪತ್ರ ಕೊಡಬೇಕು.

ತಮ್ಮ ಕಡಿತಕ್ಕಾಗಿ ಹಂಬಲಿಸುವ, ತಮ್ಮ ವಿಶ್ವಾಸಿ,
ಅಮಿತಾ

ತಾ.ಕ.: ಅಂದು ಅವ್ವನ ಮಾತು ಕೇಳಿಸಿಕೊಂಡಿದ್ದ ನಮ್ಮ ಗುಣವತಿ ಚಿಕ್ಕಮ್ಮನ ಮಗಳು ಈಗ ಏಳು ತಿಂಗಳ ಬಸುರಿ. ಚಿಕ್ಕಮ್ಮ, ಹಿರಿಯರ ಪದ್ಧತಿ ತಪ್ಪಬಾರದೆಂದು, ಹುಟ್ಟಲಿರುವ ಕೂಸಿನ ಕುಂಚಿಗೆಗಾಗಿ ಕತ್ತರಿಸುವುದಕ್ಕೆ ತಮ್ಮ ಮದುವೆಯ ಸೀರೆಯನ್ನೇ ಕಳುಹಿಸಿದ್ದಾರೆ. ಗಿಣಿಯನ್ನು ಸೆರಗಿಗೆ ತಪ್ಪಿ ಹೊಲಿಯುವುದು ನನಗೆ ಬರುತ್ತದೆ, ಬೇಕೆಂದು ಹೊಲಿಯುವುದು ಇನ್ನೂ ಬಂದಿಲ್ಲ. ಆದ್ದರಿಂದ ಇದೊಂದು ಸಲ ತಾವೆಲ್ಲರೂ ಕೆಳಗೇ ಇದ್ದು, ಹಿಂದಿನಂತೆಯೇ ಮಜಾ ನೋಡುವ ಕೃಪೆ ಮಾಡಬೇಕು.