ಅತಿಥಿ ಇದ್ದ ಮನೆಗೆ ಅಧ್ಯಕ್ಷಗಿರಿ ಇಲ್ಲ

ಆ ಬೆಳಿಗ್ಗೆ ಇನೊಕುಚಿ ಮೊರಿಯೊ ಕಸದ ಚೀಲ ಇಟ್ಟು, ಬಾಯಿ ಮುಚ್ಚಿಕೊಂಡು ಮನೆಗೆ ವಾಪಸು ಬಂದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಆದರೆ ಕಸ ಇಡುವ ಜಾಗದಲ್ಲಿ ಪಕ್ಕದ ಮನೆಯ ದೊಬಾಶಿಯಮ್ಮ ನಿಂತಿದ್ದಳು. ಕಾಗೆ ಕೆದರದ ಹಾಗೆ ಚೀಲಗಳ ಮೇಲೆ ಹೊದಿಸುವ ನೀಲಿ ಬಲೆಯ ತುದಿಯನ್ನು ಎತ್ತಿ ಹಿಡಿದು, ಕಿಮೊನೊ ಅಂಗಡಿಯವರು ರೇಷ್ಮೆ ತೋರಿಸುವ ಹಾಗೆ ಅವನಿಗೆ ತೋರಿಸಿದಳು.

“ನೋಡ್ಕೊಳ್ಳಿ ಇನೊಕುಚಿಸಾನ್. ನಾಳೆಯಿಂದ ಈ ಬಲೆ ನಿಮ್ಮ ಪಾಲು. ಸಂಜೆ ಸಭೆಯಲ್ಲಿ ನಿಮ್ಮ ಹೆಸರೇ ಅಂತ ಬೀದಿಗೆ ಬೀದಿಯೇ ಮಾತಾಡ್ತಿದೆ.”

ಹಮಾಸೆ ಬಂದರಿನ ಆ ಬೀದಿಯಲ್ಲಿ ಹತ್ತು ಮನೆ. ಹತ್ತು ಮನೆಗೆ ಒಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ. ಕೇಳುವುದಕ್ಕೇನೋ ದೊಡ್ಡ ಹೆಸರು. ಕೆಲಸ ಮಾತ್ರ ಬೆಳಗಾಗೆದ್ದು ಕಾಗೆಬಲೆ ಹಾಸುವುದು, ಚರಂಡಿ ಬಳಿಸುವುದು, ಒಬ್ಬರ ಮರದ ಎಲೆ ಇನ್ನೊಬ್ಬರ ಅಂಗಳಕ್ಕೆ ಬಿದ್ದರೆ ಇಬ್ಬರ ಕೈಯಲ್ಲೂ ಬೈಸಿಕೊಳ್ಳುವುದು. ಈ ವರ್ಷದ ಅಧ್ಯಕ್ಷ, ಮುದುಕ ಕುರೊಸೆಯ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಹೊಸ ವರ್ಷ ಬರುವಷ್ಟರಲ್ಲಿ ಉದುರಿಹೋಗಿದ್ದವು. ದೋಣಿ ಕಟ್ಟೆಯ ಟಿಕೆಟ್ ಕಿಟಕಿಯಲ್ಲಿ ಹಗಲೆಲ್ಲ ಜನರ ಕೈಲಿ ಬೈಸಿಕೊಳ್ಳುವ ಮೊರಿಯೊಗೆ ಲೋಕದಲ್ಲಿ ಇದ್ದ ಸುಖ ಒಂದೇ. ಸಂಜೆ ಸಮುದ್ರದ ಕಟ್ಟೆಯ ಮೇಲೆ ಗಾಳ ಹಾಕಿಕೊಂಡು ಯಾರೂ ಮಾತಾಡಿಸದ ಹಾಗೆ ಕೂರುವುದು. ಅಧ್ಯಕ್ಷನಾದವನಿಗೆ ಆ ಸುಖ ಇಲ್ಲ. ಅವನು ಕಟ್ಟೆಯ ಮೇಲೆ ಕೂತರೆ ಚರಂಡಿ ಅಲ್ಲಿಗೇ ಹುಡುಕಿಕೊಂಡು ಬರುತ್ತದೆ.

ಆದ್ದರಿಂದಲೇ ಅವನು ಉಪಾಯ ಮಾಡಿದ್ದ. ಆ ಉಪಾಯವನ್ನು ಸಂಜೆಯ ತನಕ ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಸಾಕಿತ್ತು. ದೊಬಾಶಿಯಮ್ಮ ಆ ಬಲೆಯನ್ನು ಇನ್ನೊಮ್ಮೆ ಅಲ್ಲಾಡಿಸಿದಳು ನೋಡಿ, ತಡೆಯಲಿಲ್ಲ.

“ನನ್ನ ಹೆಸರು ಬರಲ್ಲ ಬಿಡಿ. ಅತಿಥಿ ಇದ್ದ ಮನೆಗೆ ಅಧ್ಯಕ್ಷಗಿರಿ ಇಲ್ಲ. ಎರಡು ಹೊರೆ ಒಟ್ಟಿಗೆ ಒಂದೇ ಹೆಗಲ ಮೇಲೆ ಹಾಕಬಾರದು ಅಂತ ನಾವೇ ತಾನೆ ನಿಯಮ ಮಾಡಿದ್ದು? ನಮ್ಮ ಮನೇಲಿ ನಿನ್ನೆಯಿಂದ ಅಮೆರಿಕದ ಹುಡುಗಿ ಇದ್ದಾಳೆ.”

ದೊಬಾಶಿಯಮ್ಮನ ಕೈಯಿಂದ ಬಲೆ ಜಾರಿತು. ಮೊರಿಯೊ ಅಲ್ಲದಿದ್ದರೆ ಆಮೇಲಿನ ಹೆಸರು ಯಾರದು? ಅವಳದೇ.

ಹುಡುಗಿಯ ಹೆಸರು ಕೈಲಾ ಹಮಮುರ. ಮುತ್ತಜ್ಜನ ಕಾಲದಲ್ಲಿ ಈ ಬಂದರಿನಿಂದ ದ್ರಾಕ್ಷಿ ತೋಟದ ಕೆಲಸಕ್ಕೆಂದು ಹಡಗು ಹತ್ತಿದವರ ಕುಡಿಗಳು ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ತುಂಬಾ ಇದ್ದವು. ಅಲ್ಲಿಯ ಮಕ್ಕಳು ಇಲ್ಲಿಗೆ, ಇಲ್ಲಿಯ ಮಕ್ಕಳು ಅಲ್ಲಿಗೆ, ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಹತ್ತು ರಾತ್ರಿ ಇದ್ದು ನಾಯಕತ್ವ ಕಲಿಯುವ ಏರ್ಪಾಡು. ಹೋದ ಊರಿನಲ್ಲಿ ಒಂದು ಕಷ್ಟವನ್ನು ಕಂಡುಹಿಡಿದು, ಜನರನ್ನು ಒಂದುಗೂಡಿಸಿ ಅದನ್ನು ಬಗೆಹರಿಸಿ ಬರಬೇಕು. ಕೈಲಾ ಜಪಾನಿ ಭಾಷೆ ಕಲಿತದ್ದು ಅಜ್ಜಿಯ ಬಾಯಿಂದ. ಆ ಅಜ್ಜಿ ಅದನ್ನು ತನ್ನ ಅಮ್ಮನ ಬಾಯಿಂದ ಕಲಿತಿದ್ದಳು. ಅರ್ಧ ಚಡ್ಡಿ ತೊಟ್ಟು, ಕಿವಿಗೆ ಮೂರು ಮೂರು ಓಲೆ ಹಾಕಿದ ಹುಡುಗಿ ಬಾಯಿ ತೆರೆದರೆ ನೂರು ವರ್ಷದ ಹಿಂದಿನ ಹಳ್ಳಿಯ ಮುದುಕಿ ಮಾತಾಡಿದ ಹಾಗಿತ್ತು.

“ಅಪ್ಪಾ, ಉಣ್ಣಾಕ್ ಬಾ. ಅಮ್ಮ ಗಂಜಿ ಮಾಡವ್ಳೆ,” ಎಂದಳು, ಮೊರಿಯೊ ಒಳಗೆ ಬಂದಾಗ. ಇಳಿದುಕೊಂಡ ಮನೆಯವರನ್ನು ಅಪ್ಪ, ಅಮ್ಮ ಎಂದೇ ಕರೆಯಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು.

ತಿಂಡಿಗೆ ಕೂತು ಎರಡು ತುತ್ತು ಬಾಯಿಗಿಟ್ಟಿರಲಿಲ್ಲ, ಬಾಗಿಲಲ್ಲಿ ದೊಬಾಶಿಯಮ್ಮ. ಕೈಯಲ್ಲಿ ಬೇಯಿಸಿದ ಸಿಹಿಗೆಣಸಿನ ಬಟ್ಟಲು.

“ಅಬ್ಬಬ್ಬ, ಎಷ್ಟು ವಿಶಾಲವಾಗಿದೆ ನಿಮ್ಮನೆ!” ಮೂವತ್ತು ವರ್ಷದಿಂದ ಆ ಮನೆಗೆ ಬಂದು ಹೋಗುತ್ತಿದ್ದ ದೊಬಾಶಿಯಮ್ಮ ಈಗ ತಾನೇ ಕಂಡವಳಂತೆ ಸುತ್ತ ನೋಡಿದಳು.

ಹೊಗಳಿಕೆ ಕಿವಿಗೆ ಬಿದ್ದರೆ ತನ್ನದನ್ನು ತಾನು ಹಳಿದುಕೊಳ್ಳಬೇಕು. ಹಾಗೆ ಮಾಡದವನು ಮನುಷ್ಯನೇ ಅಲ್ಲ. ಮೊರಿಯೊನ ನಾಲಿಗೆ ಸೀನು ಬಂದ ಹಾಗೆ ತಾನಾಗಿ ಹೊರಟಿತು.

“ಎಲ್ಲಿಯ ವಿಶಾಲ! ಕೋಳಿಗೂಡು ಇದು. ಕಾಲು ಚಾಚಿದ್ರೆ ಗೋಡೆ ತಾಗುತ್ತೆ.”

“ಸದಾಕೊಸಾನ್ ಅಡುಗೆಯ ಘಮ ನಮ್ಮನೆ ತನಕ ಬರ್ತಿತ್ತು.”

“ಇವಳ ಅಡುಗೆನಾ? ಬೆಕ್ಕು ಕೂಡ ಮೂಸಿ ನೋಡಿ ಹೋಗುತ್ತೆ.”

ಹೆಂಡತಿ ಸದಾಕೊ ಗಂಡನ ಮರ್ಯಾದೆಗೆ ಮೆಚ್ಚಿ ನಸುನಕ್ಕು ತಲೆಬಾಗಿದಳು. ಕೈಲಾಳ ಕೈಯಲ್ಲಿ ತಿನ್ನುವ ಕಡ್ಡಿಗಳು ಹಾಗೇ ನಿಂತವು. ಅವಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಆಮೇಲೆ ತುಂಬ ಹುಷಾರಾಗಿ ಕಾಲನ್ನು ಒಳಗೆ ಮಡಚಿಕೊಂಡಳು.

“ನಮ್ಮನೆಗೂ ಬಾ ಮಗೂ,” ಎಂದಳು ದೊಬಾಶಿಯಮ್ಮ. “ಒಬ್ಬಳೇ ಇರೋದು. ಮೂರು ಕೋಣೆ ಖಾಲಿ.”

“ಬತ್ತೀನಿ ಅಜ್ಜಿ!”

ಅಜ್ಜಿ! ಮೊನ್ನೆ ಮೊನ್ನೆ ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದ ದೊಬಾಶಿಯಮ್ಮನ ಮುಖ ಹುಳಿ ಪ್ಲಮ್ ಕಚ್ಚಿದ ಹಾಗಾಯಿತು. ಆದರೂ ನುಂಗಿಕೊಂಡಳು. ಕಾಗೆಬಲೆಗಿಂತ ಅಜ್ಜಿತನ ವಾಸಿ. ಅವಳು ಹೋದ ಮೇಲೆ ಮೊರಿಯೊಗೆ ತಟ್ಟನೆ ಹೊಳೆಯಿತು. ಹುಡುಗಿಯನ್ನು ಎಗರಿಸಿಕೊಂಡು ಹೋಗುವುದಕ್ಕೆ ಬಂದಿದ್ದಾಳೆ! ಹುಡುಗಿ ಹೋದರೆ ಅತಿಥಿ ಹೋದ ಹಾಗೆ. ಅತಿಥಿ ಹೋದರೆ ಸಮುದ್ರದ ಕಟ್ಟೆಯೂ ಹೋದ ಹಾಗೆ.

ದೋಣಿ ಕಟ್ಟೆಗೆ ಫೋನು ಮಾಡಿ ರಜ ಹಾಕಿದ. ಕೈಲಾ ಬೀದಿಯವರ ಕಷ್ಟ ಸುಖ ಕೇಳುವುದಕ್ಕೆ ಹೊರಟಾಗ ಅವಳ ನೆರಳಿನ ಹಾಗೆ ಹಿಂದೆಯೇ ಹೊರಟ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ನಿವೃತ್ತ ಹೆಡ್ಮಾಸ್ತರ ಯುಕಾವ ಮೇಷ್ಟ್ರು ಕೋಟು ಹಾಕಿಕೊಂಡು ಗೇಟಿನಲ್ಲೇ ಕಾಯುತ್ತಿದ್ದರು. ಒಳಗೆ ಕರೆದು, ವಿದೇಶಿ ಮಾದರಿಯ ಮಂಚ ಇರುವ ಕೋಣೆಯನ್ನು ಆಕಸ್ಮಿಕವಾಗಿ ಎಂಬಂತೆ ತೆರೆದು ತೋರಿಸಿ, ಮೊರಿಯೊನ ಕಡೆ ತಿರುಗಿದರು.

“ನಮ್ಮ ಇನೊಕುಚಿ ಬಿಡಮ್ಮ, ಕಬ್ಬಿಣದಂಥ ಆಳು. ಈ ವಯಸ್ಸಿನಲ್ಲೂ ಎಂಥ ಮೈಕಟ್ಟು!”

ಮೊರಿಯೊ ಹಲ್ಲು ಕಚ್ಚಿ ಹಿಡಿದ. ಬಲೆ ಬೀಸಿದ್ದಾರೆ ಅಂತ ಗೊತ್ತು. ಗೊತ್ತಿದ್ದೂ ನಾಲಿಗೆ ಹಲ್ಲಿನ ಸಂದಿಯಲ್ಲೇ ನುಸುಳಿತು.

“ಎಲ್ಲಿ ಮೇಷ್ಟ್ರೇ... ಬೆನ್ನು ಹೋಗಿದೆ. ರಾತ್ರಿಯೆಲ್ಲ ನರಳ್ತೀನಿ. ನನ್ನ ಗೊರಕೆಗೆ ನಮ್ಮನೆ ಬಾಗಿಲೇ ಅಲ್ಲಾಡುತ್ತೆ.”

“ಅಯ್ಯೋ ನನ್ನಪ್ಪಾ,” ಎಂದು ಕೈಲಾ ಅವನ ಬೆನ್ನು ಸವರಿದಳು. “ನಂಗೆ ಏನೂ ಕೇಳಿಸ್ಲಿಲ್ವಲ್ಲ! ನಾನಿವ್ನಿ ಅಂತ ರಾತ್ರಿಯೆಲ್ಲ ಉಸ್ರು ಬಿಗಿ ಹಿಡ್ಕೊಂಡಿದ್ಯಾ?”

“ಹಾಗಲ್ಲಮ್ಮ...”

“ಸುಮ್ಕಿರು. ನಂಗರ್ತ ಆಯ್ತದೆ.”

ಒಂದೊಂದು ಮನೆಯಲ್ಲೂ ಇದೇ ಪಾಡು. ಎದುರು ಮನೆಯವರು ಅವನ ಸ್ನಾನದ ತೊಟ್ಟಿ ಹೊಗಳಿದರು. ಅದು ಸೋರುತ್ತದೆ ಎಂದ. ಮೂಲೆ ಮನೆಯವರು ಅವನ ಒಳ್ಳೆಯ ಗುಣ ಹೊಗಳಿದರು. ತಾನು ಮಹಾ ಸಿಡುಕ ಎಂದ. ಮಧ್ಯಾಹ್ನದ ಹೊತ್ತಿಗೆ ಕೈಲಾಳ ಕಣ್ಣಿಗೆ ಅವನು ಕೋಳಿಗೂಡಿನಲ್ಲಿ ಬೆಕ್ಕು ಮುಟ್ಟದ ಅನ್ನ ಉಂಡು, ಸೋರುವ ತೊಟ್ಟಿಯಲ್ಲಿ ಮಿಂದು, ಮುರಿದ ಬೆನ್ನು ಹೊತ್ತು ತಿರುಗುವ ಪುಣ್ಯಾತ್ಮನಾಗಿದ್ದ. ಅವನು ಮೆಟ್ಟಿಲು ಇಳಿಯುವಾಗಲೆಲ್ಲ ತೋಳು ಹಿಡಿದುಕೊಳ್ಳತೊಡಗಿದಳು.

ಇನ್ನು ಒಂದೇ ದಾರಿ ಎಂದುಕೊಂಡ ಮೊರಿಯೊ. ಎಲ್ಲರೆದುರು ಬಾಯಿ ಬಿಟ್ಟು ನಿಜ ಹೇಳಿಬಿಡುವುದು. ಬೀದಿಯ ನಡುವೆ ಏಳೆಂಟು ಜನ ಕೈಲಾಳನ್ನು ಸುತ್ತುಗಟ್ಟಿದ್ದರು. ಸದಾಕೊ ಕೂಡ ತರಕಾರಿ ಚೀಲ ಹಿಡಿದು ಬರುತ್ತಿದ್ದಳು. ಮೊರಿಯೊ ನಡುವೆ ನುಗ್ಗಿ ನಿಂತ. ಕಿವಿ ಕೆಂಪಾಯಿತು.

“ನಮ್ಮ ಮನೆ,” ಎಂದ. “ನಮ್ಮ ಮನೆ... ತುಂಬಾ ಚೆನ್ನಾಗಿದೆ!”

ಸೈಕಲ್ ಮೇಲೆ ಹೋಗುತ್ತಿದ್ದವನೊಬ್ಬ ಬ್ರೇಕು ಹಿಡಿದು ನಿಂತ.

“ನನ್ನ ಹೆಂಡತಿ ಅಡುಗೆ ಈ ಬೀದಿಗೇ ಮೊದಲು! ನಾನು ಒಳ್ಳೇ ಮನುಷ್ಯ! ಗಟ್ಟಿಮುಟ್ಟಾಗಿದೀನಿ!”

ಸದಾಕೊ ನಾಚಿಕೆಯಿಂದ ತರಕಾರಿ ಚೀಲದಲ್ಲಿ ಮುಖ ಮುಚ್ಚಿಕೊಂಡಳು. ದೊಬಾಶಿಯಮ್ಮ ಮುಂದೆ ಬಂದು ಅವನ ಹಣೆ ಮುಟ್ಟಿ ನೋಡಿದಳು.

“ಕೆಂಡ ಆಗಿದೆ! ಹಿಡ್ಕೊಳ್ಳಿ, ಬೀಳ್ತಾರೆ!”

“ನಂಗೇನೂ ಆಗಿಲ್ಲ!”

“ಜ್ವರ ನೆತ್ತಿಗೇರಿದವರು ಹಾಗೇ ಅನ್ನೋದು,” ಎಂದರು ಯುಕಾವ ಮೇಷ್ಟ್ರು.

ನಾಲ್ಕು ಜನ ಹಿಡಿದುಕೊಂಡು ಮನೆಗೆ ಹೊತ್ತು ತಂದು, ಹಾಸಿಗೆ ಹಾಸಿ ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಮೇಲೆ ಎರಡು ರಜಾಯಿ ಹೊದಿಸಿದರು. ಎದ್ದರೆ ಮಲಗಿಸಿದರು, ಮತ್ತೆ ಎದ್ದರೆ ಮೂರನೆಯ ರಜಾಯಿ ತಂದರು. ಕೊನೆಗೆ ರಜಾಯಿಗಳ ಬಿಸಿಗೆ ಅವನಿಗೆ ನಿಜವಾಗಿಯೂ ನಿದ್ದೆ ಬಂತು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಸಂಜೆ. ಮನೆಯಲ್ಲಿ ಯಾರೂ ಇಲ್ಲ. ಕೈಲಾಳ ಚಪ್ಪಲಿಯೂ ಇಲ್ಲ.

ಸಂಘದ ಕೋಣೆಗೆ ಓಡಿದ. ಹತ್ತು ಮನೆಯವರೂ ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ಅವರ ನಡುವೆ ಕೈಲಾ ಕೂತಿದ್ದನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. ಸದಾಕೊಳ ಪಕ್ಕ ಹೋಗಿ ಕೂತ.

“ಮುಂದಿನ ಅಧ್ಯಕ್ಷರು...” ಎಂದು ಕುರೊಸೆ ಶುರುಮಾಡಿದ. ಎಲ್ಲರೂ ಒಟ್ಟಿಗೆ ಚಾಪೆ ನೋಡತೊಡಗಿದರು. ಪ್ರತಿ ವರ್ಷವೂ ಹೀಗೇ. ಮೊದಲು ತಲೆ ಎತ್ತಿದವನು ಕೆಟ್ಟ.

“ಹಿರೀಕರೇ, ನಾನೊಂದ್ ಮಾತಾಡ್ಲಾ?” ಎಂದು ಕೈಲಾ ಎದ್ದು ನಿಂತಳು. “ನಮ್ ಇನೊಕುಚಿ ಅಪ್ಪ ಬಾಳ ಒಳ್ಳೇವ್ನು. ಜಾಗಿಲ್ಲ, ಬೆನ್ನಿಲ್ಲ, ಆದ್ರೂ ನನ್ನ ಮಡಿಕ್ಕಂಡ. ಇವತ್ತು ನನ್ನ ದೆಸೆಯಿಂದ ಜ್ವರ ಬಂದು ಬಡಬಡಿಸ್ದ. ಕಷ್ಟ ಇದ್ರೆ ಎಲ್ರೂ ಹಂಚ್ಕೋಬೇಕು ಅಂತ ನಮ್ಗೆ ಯೋಳ್ಕೊಟ್ಟವ್ರೆ. ನೀವೆಲ್ರೂ ಬಾ ಬಾ ಅಂತ ಕರೆದ್ರಿ. ಉಳಿದಿರೋದು ಒಂಬತ್ ರಾತ್ರಿ. ಉಳಿದಿರೋದು ಒಂಬತ್ ಮನೆ. ಒಂದೊಂದ್ ಮನೇಲಿ ಒಂದೊಂದ್ ರಾತ್ರಿ ಇದ್ಬುಡ್ತೀನಿ. ಇವತ್ತು ಅಜ್ಜಿ ಮನೆ.”

ಕೋಣೆಯೆಲ್ಲ ಚಪ್ಪಾಳೆ. ಅತಿಥಿ ಕೈಬಿಟ್ಟುಹೋದಳು ಎಂದುಕೊಂಡ ಮೊರಿಯೊ. ಮರುಗಳಿಗೆಯೇ ಅವನ ತಲೆಯಲ್ಲಿ ದೀಪ ಹತ್ತಿತು. ಹತ್ತು ಮನೆಗೂ ಅತಿಥಿ! ಅಂದರೆ ಹತ್ತು ಮನೆಗೂ ಅಧ್ಯಕ್ಷಗಿರಿ ಇಲ್ಲ! ಆ ಹುಡುಗಿ ದೇವತೆ! ಅವನೂ ಕೈ ನೋಯುವ ಹಾಗೆ ಚಪ್ಪಾಳೆ ತಟ್ಟಿದ.

“ಹಾಗಾದ್ರೆ,” ಎಂದು ಕುರೊಸೆ ಬೋಳು ತಲೆ ಸವರಿಕೊಂಡ, “ನಿಯಮ ಏನು ಹೇಳುತ್ತೆ? ಎರಡು ಹೊರೆ ಒಟ್ಟಿಗೆ ಬೇಡ. ನಾಳೆಯಿಂದ ಹೊಸ ಅಧ್ಯಕ್ಷರ ಕೆಲಸ ಶುರು. ನಮಗೆ ಒಂಬತ್ತು ಮನೆಯವರಿಗೂ ಅತಿಥಿ ಬರೋದಿದೆ.”

“ನಂಗಂತೂ ಇವತ್ತೇ,” ಎಂದಳು ದೊಬಾಶಿಯಮ್ಮ.

“ನಮಗೆ ಮುಂದಿನ ವಾರ. ಈಗಿಂದ್ಲೇ ಹಾಸಿಗೆ ಬಿಸಿಲಿಗೆ ಹಾಕ್ಬೇಕು,” ಎಂದರು ಯುಕಾವ ಮೇಷ್ಟ್ರು.

“ಅತಿಥಿಯ ಕೆಲಸ ಮುಗಿಸಿ ಹೆಗಲು ಖಾಲಿ ಇರೋ ಮನೆ,” ಎಂದ ಕುರೊಸೆ, “ಈ ಬೀದಿಯಲ್ಲಿ ಒಂದೇ.”

ಒಂಬತ್ತು ಮನೆಯವರ ಕಣ್ಣೂ ಚಾಪೆಯಿಂದ ಎದ್ದು ಮೊರಿಯೊನ ಮೇಲೆ ಕೂತವು.

“ನನ್ನ ಬೆನ್ನು!” ಎಂದು ಕೂಗಿದ ಅವನು. “ಮೇಷ್ಟ್ರೇ, ನನ್ನ ಬೆನ್ನಿನ ವಿಷಯ ನಿಮಗೆ ಹೇಳಿದ್ದೆನಲ್ಲ!”

“ಅದು ಮರ್ಯಾದೆಗೆ ಹೇಳಿದ್ದು ಕಣಯ್ಯ, ನಮಗೆ ಗೊತ್ತಿಲ್ವೇ?” ಎಂದು ಮೇಷ್ಟ್ರು ನಕ್ಕರು.

ಮೊರಿಯೊ ಮುಂದಕ್ಕೆ ತೆವಳಿ, ಚಾಪೆಗೆ ಹಣೆ ಹಚ್ಚಿದ. ಬೆಳಗಿನಿಂದ ಅವನ ಬಾಯಲ್ಲಿ ಬಂದ ಮಾತುಗಳಲ್ಲಿ ಹೃದಯದಿಂದ ಬಂದದ್ದೆಂದರೆ ಇದೊಂದೇ.

“ನನ್ನ ಕೈಲಾಗಲ್ಲ. ನಾನು ಇದಕ್ಕೆ ಲಾಯಕ್ಕಲ್ಲ. ನನ್ನಂಥ ಅಯೋಗ್ಯನಿಗೆ ಇಷ್ಟು ದೊಡ್ಡ ಸ್ಥಾನ ಬೇಡ. ಕೈಮುಗೀತೀನಿ, ಬಿಟ್ಟುಬಿಡಿ!”

ಕುರೊಸೆಯ ಕಣ್ಣು ತುಂಬಿ ಬಂತು.

“ಇಪ್ಪತ್ತು ವರ್ಷದಿಂದ ಸಭೆ ನೋಡ್ತಿದೀನಿ. ಅಧ್ಯಕ್ಷಗಿರಿಯನ್ನ ಇಷ್ಟು ಚೆಂದವಾಗಿ ಒಪ್ಪಿಕೊಂಡವರನ್ನ ಕಂಡಿಲ್ಲ.”

“ಒಪ್ಪಿಲ್ಲ! ಬೇಡ ಅಂತಿದೀನಿ!”

“ಎಂಥ ವಿನಯ!” ಎಂದರು ಎಲ್ಲರೂ.

ಆಡಿದ ಮಾತನ್ನು ಆಡಿದ ಹಾಗೇ ನಂಬುವ ಜೀವ ಆ ಕೋಣೆಯಲ್ಲಿ ಒಂದೇ ಇತ್ತು. ಮೊರಿಯೊ ಆ ಕಡೆ ತಿರುಗಿ ಕಣ್ಣಲ್ಲೇ ಬೇಡಿಕೊಂಡ. ಕೈಲಾ ಆಗಲೇ ಎದ್ದು ನಿಂತಿದ್ದಳು. “ಹಿರೀಕರೇ, ಆಗಾಕಿಲ್ಲ ಅಂತಾವ್ನೆ, ಪಾಪ. ಬುಟ್ಬುಡಿ ಅವ್ನ...” ಎಂದು ಶುರುಮಾಡಿದಳು. ದೊಬಾಶಿಯಮ್ಮ ಅವಳ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಕಿವಿಯಲ್ಲಿ ನಿಧಾನವಾಗಿ ಏನೋ ವಿವರಿಸಿದಳು. ಬೇಡ ಅಂದರೆ ಇಲ್ಲಿ ಏನು ಅರ್ಥ, ಎಷ್ಟು ಸಲ ಅನ್ನಬೇಕು, ಹಣೆ ಎಲ್ಲಿಯ ತನಕ ಬಗ್ಗಬೇಕು, ಎಲ್ಲವನ್ನೂ. ಕೈಲಾಳ ಬಾಯಿ ಮೆಲ್ಲಗೆ ತೆರೆದುಕೊಂಡಿತು. ಮುಖ ಅರಳಿತು.

“ಓಹೋ!” ಎಂದಳು. “ಇಷ್ಟು ಆಸೆ ಇತ್ತಾ ಅಪ್ಪಾ ನಿಂಗೆ? ಮೊದ್ಲೇ ಯೋಳಾದಲ್ವಾ!”

ಆ ಸಂಜೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.